ಸೇನ್-ಲಿಯೊನಾರ್‌ನ ಒಂದನೇ ಕ್ಲಾಸು: ಕ್ವಿಬೆಕ್, ಫ್ರೆಂಚ್ ಮತ್ತು ಹೊರಗಿನಿಂದ ಬಂದವರು

1968ರ ಜೂನ್ ತಿಂಗಳು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಾಂಟ್ರಿಯಲ್ ನಗರಕ್ಕೆ ಅಂಟಿಕೊಂಡಂತೆ ಸೇನ್-ಲಿಯೊನಾರ್ ಅನ್ನೋ ಊರಿತ್ತು. ಅಲ್ಲಿನ ಶಾಲಾ ಮಂಡಳಿ ಒಂದು ಠರಾವು ಪಾಸು ಮಾಡಿತು. ಸೆಪ್ಟೆಂಬರ್‌ನಿಂದ ಒಂದನೇ ಕ್ಲಾಸಿಗೆ ಸೇರುವ ಮಕ್ಕಳಿಗೆ ಪಾಠ ಫ್ರೆಂಚ್‌ನಲ್ಲಿ ಮಾತ್ರ. ಠರಾವು ಇಷ್ಟೇ. ಆದರೆ ಇದರಿಂದ ಬೀದಿಯಲ್ಲಿ ಹೊಡೆದಾಟ ಆಯಿತು, ಒಂದರ ಹಿಂದೆ ಒಂದು ಮೂರು ಕಾನೂನು ಬಂದವು, ಸರ್ಕಾರಗಳು ಬಿದ್ದವು. ಭಾಷೆ ಉಳಿಸುವ ಮಾತು ಎಲ್ಲಿ ಬಂದರೂ ಕ್ವಿಬೆಕ್ ಹೆಸರು ಬರುತ್ತೆ. ಕೆಲವರಿಗೆ ಅದು ಮಾದರಿ, ಕೆಲವರಿಗೆ ಎಚ್ಚರಿಕೆ. ನನಗೆ ಎರಡೂ ಅನ್ನಿಸುತ್ತೆ. ಆದರೆ ಯಾವ ಭಾಗ ಮಾದರಿ, ಯಾವ ಭಾಗ ಎಚ್ಚರಿಕೆ ಅಂತ ಬಿಡಿಸಿ ನೋಡಬೇಕು. ಅದಕ್ಕೇ ಈ ಒಂದು ಊರಿನಿಂದ ಶುರು ಮಾಡುತ್ತೇನೆ.

ಸೇನ್-ಲಿಯೊನಾರ್ ಮೊದಲು ಹೊಲಗದ್ದೆಗಳ ಸಣ್ಣ ಹಳ್ಳಿ. ಊರವರೆಲ್ಲ ಫ್ರೆಂಚ್ ಮಾತಾಡುವ ಕ್ಯಾಥೊಲಿಕರು. 1950ರ ದಶಕದ ಕೊನೆಯಿಂದ ಅಲ್ಲಿ ಮನೆಗಳು ಏಳತೊಡಗಿದವು. ಮಾಂಟ್ರಿಯಲ್‌ನ ಇಕ್ಕಟ್ಟಾದ ಬಾಡಿಗೆ ಮನೆಗಳಲ್ಲಿದ್ದ ಇಟಾಲಿಯನ್ ವಲಸಿಗರು ದುಡ್ಡು ಕೂಡಿಸಿ ಇಲ್ಲಿ ಸ್ವಂತ ಮನೆ ಮಾಡಿಕೊಂಡರು. ಹೆಚ್ಚಿನವರು ಯುದ್ಧದ ನಂತರ ಇಟಲಿಯ ದಕ್ಷಿಣದ ಬಡ ಹಳ್ಳಿಗಳಿಂದ ಬಂದವರು. ಕಟ್ಟಡ ಕೆಲಸ, ಬಟ್ಟೆ ಕಾರ್ಖಾನೆ ಕೆಲಸ ಮಾಡುವವರು. ಅವರ ಮಕ್ಕಳಿಗಾಗಿ 1963ರಿಂದ ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್-ಫ್ರೆಂಚ್ ಎರಡೂ ಇರುವ ತರಗತಿಗಳು ನಡೆಯುತ್ತಿದ್ದವು. ಹೆಸರಿಗೆ ಎರಡು ಭಾಷೆ. ಮುಗಿಸಿದ ಮಕ್ಕಳಲ್ಲಿ ಬಹುಪಾಲು ಹೋಗುತ್ತಿದ್ದದ್ದು ಇಂಗ್ಲಿಷ್ ಹೈಸ್ಕೂಲಿಗೆ.

ಇದನ್ನು ಕಂಡ ಫ್ರೆಂಚ್ ಪೋಷಕರಿಗೆ ಭಯ ಹುಟ್ಟಿತು. ಆ ಭಯವನ್ನು ಸುಮ್ನೆ ದ್ವೇಷ ಅಂತ ಕರೆದುಬಿಡುವುದು ಸುಲಭ, ಆದರೆ ಅದು ತಪ್ಪು. 1763ರಲ್ಲಿ ಫ್ರಾನ್ಸ್ ಈ ನೆಲವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಾಗ ಇಲ್ಲಿದ್ದ ಫ್ರೆಂಚ್ ಜನ 1 ಲಕ್ಷವೂ ಇರಲಿಲ್ಲ. ಆಮೇಲಿನ 200 ವರ್ಷ ಅವರ ಭಾಷೆ ಉಳಿದದ್ದು ಮುಖ್ಯವಾಗಿ ಎರಡು ಕಾರಣದಿಂದ. ಒಂದು ಚರ್ಚು, ಇನ್ನೊಂದು ದೊಡ್ಡ ಕುಟುಂಬಗಳು. ಮನೆ ತುಂಬ ಮಕ್ಕಳು. 1950ರ ದಶಕದ ಕೊನೆಯಲ್ಲಿ ಕೂಡ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ 4 ಮಕ್ಕಳು. 1970ರ ಹೊತ್ತಿಗೆ ಅದು 2ರ ಹತ್ತಿರಕ್ಕೆ ಇಳಿದಿತ್ತು. ಚರ್ಚಿನ ಹಿಡಿತವೂ ಅದೇ ಹೊತ್ತಿಗೆ ಸಡಿಲವಾಯಿತು. ಅಂದರೆ ಭಾಷೆಯನ್ನು ಹೊತ್ತು ನಿಂತಿದ್ದ ಎರಡು ಕಂಬಗಳೂ ಒಂದೇ ತಲೆಮಾರಿನಲ್ಲಿ ಅಲುಗಾಡಿದವು. ಇನ್ನು ಮುಂದೆ ಫ್ರೆಂಚ್ ಮಾತಾಡುವವರ ಸಂಖ್ಯೆ ಬೆಳೆಯಬೇಕಾದರೆ ಹೊರಗಿನಿಂದ ಬಂದವರ ಮಕ್ಕಳು ಫ್ರೆಂಚ್ ಕಲಿಯಲೇಬೇಕು. ಆ ಮಕ್ಕಳೋ ಇಂಗ್ಲಿಷ್ ಕಡೆ ಹೋಗುತ್ತಿದ್ದಾರೆ. ಸುತ್ತ ನೋಡಿದರೆ ಇಡೀ ಉತ್ತರ ಅಮೆರಿಕ ಇಂಗ್ಲಿಷಿನ ಕಡಲು.

ಹಾಗಾದರೆ ಇಟಾಲಿಯನ್ನರು ಯಾಕೆ ಇಂಗ್ಲಿಷ್ ಆರಿಸಿಕೊಂಡರು? ನನಗೆ ಈ ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು ಕಾಣುವುದಿಲ್ಲ. ಅವರಿಗೆ ಫ್ರೆಂಚ್ ಮೇಲೆ ಕೋಪ ಇರಲಿಲ್ಲ. ಅವರೂ ಕ್ಯಾಥೊಲಿಕರೇ, ಇಟಾಲಿಯನ್ನಿಗೆ ಇಂಗ್ಲಿಷಿಗಿಂತ ಫ್ರೆಂಚ್ ಎಷ್ಟೋ ಹತ್ತಿರದ ಭಾಷೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ಮಾಂಟ್ರಿಯಲ್‌ನ ಇಟಾಲಿಯನ್ ಮಕ್ಕಳಲ್ಲಿ ಬಹಳಷ್ಟು ಜನ ಫ್ರೆಂಚ್‌ನಲ್ಲೇ ಓದುತ್ತಿದ್ದರು. ಆಮೇಲೆ ಬದಲಾದದ್ದು ಹೊಟ್ಟೆಪಾಡಿನ ಲೆಕ್ಕ. ಕಂಪನಿ ಮಾಲೀಕರು ಇಂಗ್ಲಿಷರು, ಮ್ಯಾನೇಜರ್ ಇಂಗ್ಲಿಷ್, ಬಡ್ತಿ ಬೇಕಾದರೆ ಇಂಗ್ಲಿಷ್. ಕೇಂದ್ರ ಸರ್ಕಾರ 1963ರಲ್ಲಿ ನೇಮಿಸಿದ ದ್ವಿಭಾಷಾ ಆಯೋಗ, ಕ್ವಿಬೆಕ್‌ನ ಗಂಡಸರ ಆದಾಯವನ್ನು ಮೂಲದ ಪ್ರಕಾರ ಅಳೆದು ನೋಡಿತು. ಲೆಕ್ಕ 1961ರ ಜನಗಣತಿಯದು. 14 ಗುಂಪುಗಳಲ್ಲಿ ಬ್ರಿಟಿಷ್ ಮೂಲದವರು ಮೇಲ್ಗಡೆ. ಫ್ರೆಂಚ್ ಮೂಲದವರು 12ನೇ ಸ್ಥಾನದಲ್ಲಿ! ತಮ್ಮದೇ ನೆಲದಲ್ಲಿ, ತಾವೇ ಬಹುಸಂಖ್ಯಾತರಾಗಿದ್ದೂ. ಅವರಿಗಿಂತ ಕೆಳಗಿದ್ದದ್ದು ಎರಡೇ ಗುಂಪು. 13ನೆಯದು ಇಟಾಲಿಯನ್ನರು, ಕೊನೆಯದು ಮೂಲನಿವಾಸಿಗಳು.

ಸೇನ್-ಲಿಯೊನಾರ್‌ನಲ್ಲಿ ಕೈಕೈ ಮಿಲಾಯಿಸಿದವರು 12ನೇ ಮತ್ತು 13ನೇ ಸ್ಥಾನದವರು. ಮೇಲೆ ಕೂತವರು ಆ ಬೀದಿಯಲ್ಲಿ ಇರಲೇ ಇಲ್ಲ. ಫ್ರೆಂಚ್ ಭಾಷೆಗೆ ಸಂಬಳ ಕಡಿಮೆ ಮಾಡಿದ್ದು ಇಟಾಲಿಯನ್ ಗಾರೆ ಕೆಲಸದವನಲ್ಲ. ಆದರೆ ಪಕ್ಕದ ಮನೆಯವನಾಗಿದ್ದವನು ಅವನು, ಕಣ್ಣಿಗೆ ಬಿದ್ದವನು ಅವನು.

ಬಾಗಿಲು ಮುಚ್ಚಿದವರಲ್ಲಿ ಫ್ರೆಂಚರೂ ಇದ್ದರು ಅನ್ನೋದನ್ನೂ ಹೇಳಲೇಬೇಕು. ಆಗ ಕ್ವಿಬೆಕ್‌ನಲ್ಲಿ ಶಾಲಾ ಮಂಡಳಿಗಳನ್ನು ಧರ್ಮದ ಪ್ರಕಾರ ಮಾಡಿದ್ದರು. ಕ್ಯಾಥೊಲಿಕ್ ಮಂಡಳಿ ಒಂದು, ಪ್ರಾಟೆಸ್ಟಂಟ್ ಮಂಡಳಿ ಒಂದು. ಫ್ರೆಂಚ್ ಶಾಲೆ ಅಂದರೆ ಕ್ಯಾಥೊಲಿಕ್ ಶಾಲೆ. ಯಹೂದಿ ಮಗು, ಗ್ರೀಕ್ ಆರ್ಥೊಡಾಕ್ಸ್ ಮಗು ಬಂದರೆ ಅದಕ್ಕೆ ಅಲ್ಲಿ ಜಾಗ ಇರಲಿಲ್ಲ, ಅದು ಪ್ರಾಟೆಸ್ಟಂಟ್ ಶಾಲೆಗೆ ಹೋಗಿ ಇಂಗ್ಲಿಷ್ ಕಲಿಯುತ್ತಿತ್ತು. ತಲೆಮಾರುಗಟ್ಟಲೆ ಹೀಗೆ ನಡೆಯಿತು. ನಮ್ಮವರಲ್ಲ ಅಂತ ಕಳಿಸಿದ ಮಕ್ಕಳೇ ದೊಡ್ಡವರಾಗಿ ಇಂಗ್ಲಿಷ್ ಮಾತಾಡುವವರಾದರು. ಈ ಮಂಡಳಿಗಳು ಧರ್ಮ ಬಿಟ್ಟು ಭಾಷೆಯ ಆಧಾರಕ್ಕೆ ಬಂದದ್ದು 1998ರಲ್ಲಿ, ಅಷ್ಟು ತಡವಾಗಿ.

ಮತ್ತೆ ಊರಿಗೆ ಬರೋಣ. ಠರಾವಿನ ಹಿಂದೆ ಇದ್ದದ್ದು ರೇಮೊಂ ಲೆಮ್ಯೂ ಮುಂದಾಳುತನದ ಒಂದು ಚಳವಳಿ, ಆ ಚಳವಳಿಯವರು ಶಾಲಾ ಮಂಡಳಿಯ ಚುನಾವಣೆಗೇ ಇಳಿದು ಗೆದ್ದಿದ್ದರು. ಇಟಾಲಿಯನ್ ಪೋಷಕರು ಒಪ್ಪಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಗಳ ನೆಲಮಾಳಿಗೆಯಲ್ಲಿ ಇಂಗ್ಲಿಷ್ ಪಾಠ ಶುರು ಮಾಡಿದರು. 6 ವರ್ಷದ ಮಕ್ಕಳು, ಕದ್ದುಮುಚ್ಚಿ ಪಾಠ. 1969ರ ಸೆಪ್ಟೆಂಬರ್ 10ರಂದು ಲೆಮ್ಯೂ ಕಡೆಯವರು ಇಟಾಲಿಯನ್ನರು ಜಾಸ್ತಿ ಇದ್ದ ಬೀದಿಗಳಲ್ಲಿ ಮೆರವಣಿಗೆ ತೆಗೆದರು. ಎರಡೂ ಕಡೆಯವರು ಎದುರಾದರು. ಅಂಗಡಿಗಳ ಗಾಜು ಒಡೆದವು, ತುಂಬ ಜನ ಗಾಯಗೊಂಡರು, ಪೊಲೀಸರು ಗಲಭೆ ಕಾಯ್ದೆ ಓದಿ ಹೇಳಬೇಕಾಯಿತು.

ಸರ್ಕಾರ ಬೆದರಿತು. ಪ್ರಧಾನಿ ಜ್ಯಾನ್-ಜಾಕ್ ಬರ್ತ್ರಾನ್ (ಅಲ್ಲಿ ಪ್ರಾಂತ್ಯದ ಮುಖ್ಯಸ್ಥರನ್ನೂ ಹಾಗೇ ಕರೆಯುತ್ತಾರೆ) ಅದೇ ವರ್ಷ ನವೆಂಬರ್‌ನಲ್ಲಿ 63ನೇ ಮಸೂದೆ ತಂದರು. ಯಾವ ಭಾಷೆಯ ಶಾಲೆ ಬೇಕೋ ಪೋಷಕರೇ ಆರಿಸಿಕೊಳ್ಳಲಿ ಅಂತ. ಕೇಳೋಕೆ ನ್ಯಾಯವಾಗೇ ಇದೆ, ಅಲ್ವಾ? ಆದರೆ ಎಲ್ಲ ಸಂಬಳ, ಎಲ್ಲ ಬಡ್ತಿ ಒಂದು ಭಾಷೆಯ ಕಡೆ ಇರುವಾಗ ಆಯ್ಕೆ ಅನ್ನೋದು ಹೆಸರಿಗೆ ಮಾತ್ರ. ಸಾವಿರಾರು ಜನ ಬೀದಿಗಿಳಿದರು. ಮುಂದಿನ ಚುನಾವಣೆಯಲ್ಲಿ ಆ ಪಕ್ಷ ಸೋತಿತು.

ಆಮೇಲೆ ಬಂದ ರಾಬರ್ಟ್ ಬುರಾಸಾ 1974ರಲ್ಲಿ 22ನೇ ಮಸೂದೆ ತಂದರು. ಫ್ರೆಂಚ್ ಪ್ರಾಂತ್ಯದ ಅಧಿಕೃತ ಭಾಷೆ ಆಯಿತು. ಇಂಗ್ಲಿಷ್ ಶಾಲೆಗೆ ಸೇರಬೇಕಾದರೆ ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಗೊತ್ತಿರಬೇಕು, ಅದಕ್ಕೊಂದು ಪರೀಕ್ಷೆ. ಆರೇಳು ವರ್ಷದ ಮಕ್ಕಳನ್ನು ಕೂರಿಸಿ ಭಾಷೆ ಪರೀಕ್ಷೆ ಮಾಡಿದರು! ಇಟಾಲಿಯನ್ ಮನೆಗಳಲ್ಲಿ ಪರೀಕ್ಷೆಗೆ ತಯಾರು ಮಾಡುವ ಪಾಠಗಳು ಶುರುವಾದವು. ಒಂದೇ ಮನೆಯಲ್ಲಿ ಅಣ್ಣ ಪಾಸು, ತಮ್ಮ ಫೇಲು ಆದರೆ ಏನು ಮಾಡೋದು? ಎರಡೂ ಕಡೆಯವರಿಗೆ ಈ ಕಾನೂನು ಹಿಡಿಸಲಿಲ್ಲ. ಭಾಷೆಯ ಕಾನೂನು ಮಕ್ಕಳ ತಲೆಯ ಮೇಲೆ ಹೀಗೆ ಬಂದು ಕೂತರೆ ಯಾವ ತಾಯಿ ತಂದೆಗೆ ತಾನೇ ಸಮಾಧಾನ ಇರುತ್ತೆ.

1976ರ ನವೆಂಬರ್ 15ರಂದು, ಕ್ವಿಬೆಕ್ ಬೇರೆ ದೇಶ ಆಗಬೇಕು ಅನ್ನುವ ಪಾರ್ತಿ ಕೆಬೆಕ್ವಾ ಪಕ್ಷ ಗೆದ್ದಿತು. ರೆನೆ ಲೆವೆಕ್ ಪ್ರಧಾನಿ. ಮಾರನೇ ವರ್ಷ, 1977ರ ಆಗಸ್ಟ್ 26ರಂದು, 101ನೇ ಮಸೂದೆ ಅಂತ ಹೆಸರಾದ ಫ್ರೆಂಚ್ ಭಾಷಾ ಸನ್ನದು ಪಾಸಾಯಿತು. ಅದನ್ನು ರೂಪಿಸಿದ ಮಂತ್ರಿ ಕಮಿಲ್ ಲೊರಾನ್ ವೃತ್ತಿಯಲ್ಲಿ ಮನೋವೈದ್ಯ. ತನ್ನ ಭಾಷೆಯನ್ನು ಕೀಳು ಅಂದುಕೊಂಡು ಬೆಳೆದ ಸಮಾಜಕ್ಕೆ ಮದ್ದು ಬೇಕು ಅನ್ನೋದು ಅವರ ನಿಲುವು. ಈ ಕಾನೂನು ಪರೀಕ್ಷೆಯನ್ನು ತೆಗೆದುಹಾಕಿತು. ನಿಯಮ ನೇರವಾಗಿತ್ತು. ತಂದೆ ಅಥವಾ ತಾಯಿ ಕ್ವಿಬೆಕ್‌ನಲ್ಲೇ ಇಂಗ್ಲಿಷ್ ಪ್ರಾಥಮಿಕ ಶಾಲೆಯಲ್ಲಿ ಓದಿದ್ದರೆ ಮಗುವಿಗೂ ಆ ಹಕ್ಕಿತ್ತು. ಉಳಿದ ಎಲ್ಲರ ಮಕ್ಕಳೂ ಹೈಸ್ಕೂಲ್ ಮುಗಿಯುವ ತನಕ ಫ್ರೆಂಚ್ ಶಾಲೆಗೆ. ವಲಸಿಗರ ಮಕ್ಕಳಿಗೆ ಮಾತ್ರ ಅಲ್ಲ, ಫ್ರೆಂಚರ ಮಕ್ಕಳಿಗೂ ಇದೇ ನಿಯಮ. ಸರ್ಕಾರಿ ದುಡ್ಡಿನ ಇಂಗ್ಲಿಷ್ ಶಾಲೆಗೆ ಅವರೂ ಸೇರುವಂತಿಲ್ಲ. ಈ ಸಮಾನತೆ ನನಗೆ ಬಹಳ ಮುಖ್ಯ ಅನ್ನಿಸುತ್ತೆ. ನಮ್ಮ ಮಕ್ಕಳನ್ನು ಇಂಗ್ಲಿಷಿಗೆ ಕಳಿಸಿ ಬೇರೆಯವರ ಮಕ್ಕಳಿಗೆ ಮಾತ್ರ ನಮ್ಮ ಭಾಷೆ ಕಲಿಯಿರಿ ಅಂತ ಹೇಳಿದರೆ ಯಾರು ಕೇಳುತ್ತಾರೆ? ಕನ್ನಡದಲ್ಲಿ ಓದುತ್ತಿರುವ ನಿಮಗೆ ಈ ಪ್ರಶ್ನೆ ಹೊಸದೇನಲ್ಲ.

ಇನ್ನೊಂದು ಮುಖ್ಯ ಭಾಗ ಕೆಲಸದ ಜಾಗ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳು ಒಳಗಿನ ವ್ಯವಹಾರವನ್ನು ಫ್ರೆಂಚ್‌ನಲ್ಲಿ ನಡೆಸಿ, ಭಾಷಾ ಕಚೇರಿಯಿಂದ ಅದಕ್ಕೆ ಪ್ರಮಾಣಪತ್ರ ಪಡೆಯಬೇಕಿತ್ತು. ಅಂಗಡಿ ಬೋರ್ಡುಗಳ ಗಲಾಟೆಯೇ ಹೊರಗಿನವರ ಕಣ್ಣಿಗೆ ಜಾಸ್ತಿ ಬಿತ್ತು. ಬೋರ್ಡಿನಲ್ಲಿ ಫ್ರೆಂಚ್ ಮಾತ್ರ ಇರಬೇಕು ಅನ್ನೋ ನಿಯಮವನ್ನು 1988ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಸರ್ಕಾರ ಕೆಲವು ಹಕ್ಕುಗಳನ್ನು ಬದಿಗಿಡಲು ಬಿಡುವ ಸಂವಿಧಾನದ ವಿಶೇಷ ಕಲಮು ಬಳಸಿ ಸ್ವಲ್ಪ ವರ್ಷ ಎಳೆಯಿತು. 1993ರಲ್ಲಿ ಬೇರೆ ಭಾಷೆಯೂ ಇರಲಿ, ಫ್ರೆಂಚ್ ಎದ್ದು ಕಾಣಲಿ ಅಂತ ರಾಜಿ ಆಯಿತು. ನನ್ನ ಪ್ರಕಾರ ಭಾಷೆಗೆ ನಿಜವಾದ ಬಲ ಬಂದದ್ದು ಬೋರ್ಡಿನಿಂದ ಅಲ್ಲ. ಶಾಲೆ ಮತ್ತು ಸಂಬಳ, ಈ ಎರಡರಿಂದ. ಫ್ರೆಂಚ್ ಅನ್ನದ ಭಾಷೆ ಆಯಿತು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಸನ್ ಲೈಫ್ ಅನ್ನೋ ದೊಡ್ಡ ವಿಮಾ ಕಂಪನಿ 1978ರ ಜನವರಿಯಲ್ಲಿ ಮುಖ್ಯ ಕಚೇರಿಯನ್ನು ಟೊರಾಂಟೊಗೆ ಒಯ್ಯುವುದಾಗಿ ಹೇಳಿತು. ಸಾವಿರಾರು ಇಂಗ್ಲಿಷ್ ಕುಟುಂಬಗಳು ಊರು ಬಿಟ್ಟವು, ಅವರಲ್ಲಿ ಎಷ್ಟೋ ಜನ ಅಲ್ಲೇ ಹುಟ್ಟಿ ಬೆಳೆದವರು. ಕೆಲವು ಇಂಗ್ಲಿಷ್ ಕ್ಯಾಥೊಲಿಕ್ ಶಾಲೆಗಳು ಕಾನೂನು ಮೀರಿ ವಲಸಿಗರ ಮಕ್ಕಳನ್ನು ಸೇರಿಸಿಕೊಂಡಿದ್ದವು. ಆ ಮಕ್ಕಳಿಗೆ ಸರ್ಕಾರದ ಲೆಕ್ಕದಲ್ಲಿ ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. 1986ರಲ್ಲಿ ಕ್ಷಮೆ ಕೊಡುವ ಕಾನೂನು ಬರುವ ತನಕ ಅವರು ಹಾಗೇ ಅತಂತ್ರ.

ಫಲ ಏನಾಯಿತು? 1970ರ ದಶಕದ ಶುರುವಿನಲ್ಲಿ ಮನೆಯಲ್ಲಿ ಫ್ರೆಂಚೂ ಅಲ್ಲದ ಇಂಗ್ಲಿಷೂ ಅಲ್ಲದ ಭಾಷೆಯ ಮಕ್ಕಳಲ್ಲಿ ಶೇ. 15ರ ಆಸುಪಾಸಿನವರು ಮಾತ್ರ ಫ್ರೆಂಚ್ ಶಾಲೆಯಲ್ಲಿದ್ದರು. ಈಗ ಸುಮಾರು ಶೇ. 90. ಇವರನ್ನು ಅಲ್ಲಿ ‘101ರ ಮಕ್ಕಳು’ ಅಂತಲೇ ಕರೆಯುತ್ತಾರೆ. ಇಟಾಲಿಯನ್, ಗ್ರೀಕ್, ಹೈಟಿ, ವಿಯೆಟ್ನಾಂ ಮೂಲದವರು ಒಂದೇ ಬೆಂಚಿನಲ್ಲಿ ಕೂತು ಫ್ರೆಂಚ್ ಕಲಿತರು, ಜೊತೆಗೆ ಬೀದಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ತಮ್ಮ ಭಾಷೆ. ಮೂರು ಭಾಷೆ ಸಲೀಸಾಗಿ ಮಾತಾಡುವ ತಲೆಮಾರು ಹುಟ್ಟಿತು. 1969ರಲ್ಲಿ ಬೀದಿಯಲ್ಲಿ ಹೊಡೆದಾಡಿದವರು ಇಂಥದ್ದೊಂದು ದಿನವನ್ನು ಊಹಿಸಿರಲಾರರು.

ಕೇಸು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ.

1995ರ ಅಕ್ಟೋಬರ್ 30. ಕ್ವಿಬೆಕ್ ಬೇರೆ ದೇಶ ಆಗಬೇಕೇ ಅನ್ನೋ ಜನಮತಗಣನೆ. ಬೇಡ ಅಂದವರು ಶೇ. 50.58, ಬೇಕು ಅಂದವರು ಶೇ. 49.42. ಕೂದಲೆಳೆಯ ಅಂತರ. ಆ ರಾತ್ರಿ ಪ್ರಧಾನಿ ಜಾಕ್ ಪಾರಿಜೋ ವೇದಿಕೆ ಮೇಲೆ ನಿಂತು, ನಾವು ಸೋತದ್ದು ದುಡ್ಡಿನಿಂದ ಮತ್ತು ಹೊರಮೂಲದವರ ವೋಟಿನಿಂದ ಅಂದರು. ಮಾರನೇ ದಿನ ರಾಜೀನಾಮೆ ಪ್ರಕಟಿಸಿದರು. ಆದರೆ ಮಾತು ಹೊರಬಿದ್ದಾಗಿತ್ತು. 101ರ ಮಕ್ಕಳಿಗೆ ಆಗ 20ರ ಆಸುಪಾಸು. ಹೇಳಿದ ಶಾಲೆಗೆ ಹೋಗಿದ್ದಾರೆ, ಹೇಳಿದ ಭಾಷೆ ಕಲಿತಿದ್ದಾರೆ, ಅವರಲ್ಲಿ ‘ಬೇಕು’ ಅಂತ ವೋಟು ಹಾಕಿದವರೂ ಇದ್ದರು. ಅವರನ್ನೂ ಸೇರಿಸಿ ‘ಅವರು’ ಅಂದುಬಿಟ್ಟರು. ಭಾಷೆ ಕಲಿತರೆ ನೀನು ನಮ್ಮವನು ಅಂತ ಕಾನೂನು ಕೊಟ್ಟಿದ್ದ ಮಾತನ್ನು, ಅದೇ ಪಕ್ಷದ ನಾಯಕ ಒಂದೇ ವಾಕ್ಯದಲ್ಲಿ ಮುರಿದರು.

ಅಲ್ಲಿಂದ ಪ್ರಶ್ನೆ ಜಾಗ ಬದಲಾಯಿಸಿತು. ಕ್ವಿಬೆಕ್‌ಗೆ ತನ್ನ ವಲಸಿಗರನ್ನು ಬಹುಮಟ್ಟಿಗೆ ತಾನೇ ಆರಿಸಿಕೊಳ್ಳುವ ಅಧಿಕಾರ ಇದೆ. ಕೇಂದ್ರದ ಜೊತೆ 1978ರಲ್ಲಿ, ಮತ್ತೆ 1991ರಲ್ಲಿ ಆದ ಒಪ್ಪಂದಗಳು ಅದಕ್ಕೆ ಆಧಾರ. ಫ್ರೆಂಚ್ ಗೊತ್ತಿದ್ದರೆ ಹೆಚ್ಚು ಅಂಕ. ಹಾಗಾಗಿ ಅಲ್ಜೀರಿಯಾ, ಮೊರಾಕೊ, ಲೆಬನಾನ್‌ನಿಂದ ಫ್ರೆಂಚ್ ಬಲ್ಲ, ಓದಿದ ಜನ ಬಂದರು. ಭಾಷೆಯ ಲೆಕ್ಕದಲ್ಲಿ ಇವರಷ್ಟು ಹತ್ತಿರದವರು ಸಿಗೋದು ಕಷ್ಟ. ಆದರೆ ಈಗ ಕೇಳಿದ್ದು ಧರ್ಮದ ಬಗ್ಗೆ. 2007ರಲ್ಲಿ ಎರೂವಿಲ್ ಅನ್ನೋ ಸಾವಿರ ಚಿಲ್ಲರೆ ಜನರ ಊರಿನ ಪುರಸಭೆ ಹೊಸಬರಿಗಾಗಿ ಒಂದು ನಡಾವಳಿ ಪಟ್ಟಿ ಹೊರಡಿಸಿತು. ಹೆಂಗಸರಿಗೆ ಕಲ್ಲು ಹೊಡೆಯುವಂತಿಲ್ಲ ಅಂತ ಅದರಲ್ಲಿ ಬರೆದಿತ್ತು. ಆ ಊರಿನಲ್ಲಿ ವಲಸಿಗರು ಇರಲೇ ಇಲ್ಲ ಅನ್ನಬಹುದು. ಪಕ್ಕದ ಮನೆಯವನನ್ನು ಕಂಡು ಹುಟ್ಟಿದ ಭಯ ಬೇರೆ. ಟಿವಿಯಲ್ಲಿ ಮಾತ್ರ ಕಂಡವನ ಬಗ್ಗೆ ಹುಟ್ಟಿದ ಭಯ ಬೇರೆ, ಅದನ್ನು ಮಾತಾಡಿ ಕಳೆಯುವುದೂ ಕಷ್ಟ.

ಹೊರಗಿನಿಂದ ಬಂದವರ ಧರ್ಮದ ಆಚರಣೆಗಳಿಗೆ ಎಷ್ಟು ಜಾಗ ಕೊಡಬೇಕು ಅಂತ ನೋಡಲು ಸರ್ಕಾರ ಇತಿಹಾಸಕಾರ ಜೆರಾರ್ ಬುಶಾರ್, ತತ್ವಜ್ಞಾನಿ ಚಾರ್ಲ್ಸ್ ಟೇಲರ್ ಇಬ್ಬರ ಆಯೋಗ ಮಾಡಿತು. ಅವರು ಊರೂರು ತಿರುಗಿ ಜನರ ಮಾತು ಕೇಳಿದರು. ಪರಿಸ್ಥಿತಿ ಕೈಮೀರಿದೆ ಅನ್ನೋದು ನಿಜವಲ್ಲ, ಆತಂಕ ಮಾತ್ರ ನಿಜ ಅನ್ನೋ ಅರ್ಥದ ವರದಿ ಕೊಟ್ಟರು. ಸುಮಾರು 9 ವರ್ಷಗಳ ನಂತರ, 2017ರ ಜನವರಿ 29ರಂದು, ಕ್ವಿಬೆಕ್ ಸಿಟಿಯ ಮಸೀದಿಯಲ್ಲಿ ಪ್ರಾರ್ಥನೆಗೆ ಬಂದಿದ್ದ 6 ಜನರನ್ನು ಒಬ್ಬ ಗುಂಡಿಟ್ಟು ಕೊಂದ. 2019ರಲ್ಲಿ ಫ್ರಾಂಸ್ವಾ ಲೆಗೋ ಸರ್ಕಾರ 21ನೇ ಮಸೂದೆ ಪಾಸು ಮಾಡಿತು. ಸರ್ಕಾರಿ ಶಾಲೆಯ ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರು ಕೆಲಸದಲ್ಲಿ ಧರ್ಮದ ಗುರುತು ತೊಡುವಂತಿಲ್ಲ. ಚರ್ಚಿನ ಹಿಡಿತದಿಂದ ಬಿಡಿಸಿಕೊಂಡ ಸಮಾಜಕ್ಕೆ ಧರ್ಮದ ಬಗ್ಗೆ ಅಂಜಿಕೆ ಇರುವುದು ನನಗೆ ಅರ್ಥವಾಗುತ್ತೆ. ಆದರೆ ಹಿಜಾಬ್ ತೊಟ್ಟವಳು ಮಕ್ಕಳಿಗೆ ಫ್ರೆಂಚ್ ಕಲಿಸಲು ಬಂದರೆ ಅವಳು ಆ ಭಾಷೆಯ ಕೆಲಸವನ್ನೇ ಮಾಡುತ್ತಿದ್ದಾಳೆ. ಹಿಂದೆ ಕ್ಯಾಥೊಲಿಕ್ ಅಲ್ಲ ಅಂತ ಮಗುವನ್ನು ಫ್ರೆಂಚ್ ಶಾಲೆಯಿಂದ ಹೊರಗಿಟ್ಟಿದ್ದಕ್ಕೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

2022ರಲ್ಲಿ 96ನೇ ಮಸೂದೆ ಬಂತು. ಸರ್ಕಾರ ಹೊಸ ವಲಸಿಗರ ಜೊತೆ 6 ತಿಂಗಳ ನಂತರ ಫ್ರೆಂಚ್‌ನಲ್ಲಿ ಮಾತ್ರ ವ್ಯವಹರಿಸಬೇಕು. ಆರೋಗ್ಯ, ಸುರಕ್ಷತೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಕಂಪನಿಗಳ ನಿಯಮವನ್ನು 25 ಜನರಿಗೆ ಇಳಿಸಿದರು. 6 ತಿಂಗಳು ಅಂದರೆ ಎಷ್ಟು? ಎರಡು ಪಾಳಿ ದುಡಿಯುವ, ಮಕ್ಕಳನ್ನು ನೋಡಿಕೊಳ್ಳುವ ಒಬ್ಬಳು ಹೊಸ ಭಾಷೆಯಲ್ಲಿ ತೆರಿಗೆ ಪತ್ರ ಓದುವಷ್ಟು ಕಲಿಯಲು ಅದು ಸಾಲದು. ಅದೇ ವರ್ಷದ ಚುನಾವಣೆ ಹೊತ್ತಲ್ಲಿ ವಲಸೆ ಖಾತೆಯ ಮಂತ್ರಿ ಜ್ಯಾನ್ ಬುಲೆ, ವಲಸಿಗರಲ್ಲಿ ಶೇ. 80 ಜನ ಮಾಂಟ್ರಿಯಲ್‌ಗೆ ಹೋಗುತ್ತಾರೆ, ಕೆಲಸ ಮಾಡುವುದಿಲ್ಲ, ಫ್ರೆಂಚ್ ಮಾತಾಡುವುದಿಲ್ಲ ಅನ್ನೋ ಅರ್ಥದಲ್ಲಿ ಹೇಳಿಬಿಟ್ಟರು. ಅದು ಸುಳ್ಳು. ಆಮೇಲೆ ಕ್ಷಮೆ ಕೇಳಿದರು.

ಅಂಕಿಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಇಡೀ ಭಯ ಒಂದು ಅಂಕಿಯ ಮೇಲೆ ನಿಂತಿದೆ. 2021ರ ಜನಗಣತಿ ಪ್ರಕಾರ ಕ್ವಿಬೆಕ್‌ನಲ್ಲಿ ಮನೆಯಲ್ಲಿ ಹೆಚ್ಚಾಗಿ ಫ್ರೆಂಚ್ ಮಾತಾಡುವವರು ಶೇ. 77.5. ಐದು ವರ್ಷದ ಹಿಂದೆ ಶೇ. 79 ಇತ್ತು. ಇಳಿಕೆ ನಿಜ. ಆದರೆ ಅದೇ ಜನಗಣತಿಯಲ್ಲಿ ಫ್ರೆಂಚ್‌ನಲ್ಲಿ ಮಾತುಕತೆ ನಡೆಸಬಲ್ಲವರು ಶೇ. 93.7. ಈ ಎರಡರ ನಡುವೆ ಇರುವವರು ಯಾರು ಅಂತ ಯೋಚಿಸಿ. ಇಡೀ ದಿನ ಆಸ್ಪತ್ರೆಯಲ್ಲಿ ಫ್ರೆಂಚ್‌ನಲ್ಲಿ ದುಡಿದು ಮನೆಗೆ ಬಂದು ಅಮ್ಮನ ಜೊತೆ ಹೈಟಿಯ ಕ್ರಿಯೋಲ್ ಭಾಷೆ ಮಾತಾಡುವ ನರ್ಸ್. ಮಕ್ಕಳನ್ನು ಫ್ರೆಂಚ್ ಶಾಲೆಗೆ ಬಿಟ್ಟು ಊಟದ ಹೊತ್ತಲ್ಲಿ ಅರಬ್ಬಿ ಮಾತಾಡುವ ಅಪ್ಪ. ಮೊದಲ ಅಂಕಿಯನ್ನೇ ಹಿಡಿದರೆ ಇವರೆಲ್ಲ ಫ್ರೆಂಚ್ ಕುಸಿತದ ಲೆಕ್ಕಕ್ಕೆ ಸೇರುತ್ತಾರೆ. ಶಾಲೆಯ ಭಾಷೆ ಕೇಳಬಹುದು, ಕಚೇರಿಯ ಭಾಷೆ ಕೇಳಬಹುದು, ಅಡುಗೆಮನೆಯ ಭಾಷೆಯನ್ನು ಕೇಳುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ತಮ್ಮ ಮನೆಭಾಷೆಯನ್ನು ಇಷ್ಟು ಪ್ರೀತಿಸುವ ಜನಕ್ಕೆ ಇನ್ನೊಬ್ಬರ ಮನೆಭಾಷೆಯ ಬೆಲೆ ಗೊತ್ತಿರಬೇಕಲ್ಲವೇ.

ಆದಾಯದ ಆ ಪಟ್ಟಿಯ 14ನೇ ಸ್ಥಾನದಲ್ಲಿದ್ದ ಮೂಲನಿವಾಸಿಗಳನ್ನು ಮರೆಯಬಾರದು. 96ನೇ ಮಸೂದೆ ಬಂದಾಗ ಮಾಂಟ್ರಿಯಲ್ ಪಕ್ಕದ ಕಾನವಾಗೆಯ ಮೊಹಾಕ್ ಜನ ಪ್ರತಿಭಟಿಸಿದರು. ಅವರ ಭಾಷೆಯನ್ನು ವಸತಿ ಶಾಲೆಗಳಲ್ಲಿ ಹೊಡೆದು ಬಿಡಿಸಿದ ಕಾಲ ಒಂದಿತ್ತು. ಈಗ ಕಷ್ಟಪಟ್ಟು ಮತ್ತೆ ಕಲಿಯುತ್ತಿದ್ದಾರೆ. ಈ ನೆಲದಲ್ಲಿ ಫ್ರೆಂಚೂ ಒಂದು ಕಾಲಕ್ಕೆ ವಲಸೆ ಬಂದ ಭಾಷೆಯೇ. ಭಾಷೆ ಉಳಿಸುವ ಕಾನೂನು ಮಾಡುವಾಗ ಅವರನ್ನು ಮೊದಲು ಕೇಳಬೇಕಿತ್ತು.

ಸರಿ, ಲೆಗೋ ಸರ್ಕಾರಕ್ಕೆ ನಿಜವಾದ ಕಷ್ಟವೂ ಇತ್ತು. ತಾತ್ಕಾಲಿಕ ವೀಸಾದ ಮೇಲೆ ಬಂದವರು, ಅಂದರೆ ವಿದ್ಯಾರ್ಥಿಗಳು, ಕೆಲಸಗಾರರು, ಆಶ್ರಯ ಕೇಳಿದವರು, ಎಲ್ಲ ಸೇರಿ 2024ರಲ್ಲಿ 5 ಲಕ್ಷ ದಾಟಿದ್ದರು. ಇವರಲ್ಲಿ ಹಲವರನ್ನು ಭಾಷೆ ನೋಡಿ ಆರಿಸಿದ್ದಲ್ಲ. ಮನೆ ಬಾಡಿಗೆ ಏರಿತ್ತು, ಶಾಲೆಗಳಲ್ಲಿ ಜಾಗ ಇರಲಿಲ್ಲ. ಇಷ್ಟು ಬೇಗ ಇಷ್ಟು ಜನ ಬಂದರೆ ಕಲಿಸೋದು ಹೇಗೆ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಒಂದೇ, ಇನ್ನೂ ಹೆಚ್ಚು ತರಗತಿ, ಇನ್ನೂ ಹೆಚ್ಚು ಶಿಕ್ಷಕರು. ಅದಕ್ಕಾಗಿಯೇ 2023ರ ಜೂನ್‌ನಲ್ಲಿ ದೊಡ್ಡವರಿಗೆ ಫ್ರೆಂಚ್ ಕಲಿಸುವ ಹೊಸ ಸರ್ಕಾರಿ ವ್ಯವಸ್ಥೆ ಶುರು ಮಾಡಿದರು. ಜನ ಮುಗಿಬಿದ್ದು ಹೆಸರು ಬರೆಸಿದರು. ಅವರಲ್ಲಿ ಬಹಳಷ್ಟು ಜನ ಕೆಲಸ ಮುಗಿಸಿ ಸಂಜೆ ಬಂದು ಕಲಿಯಲು ತಯಾರಿದ್ದವರು.

2024ರ ಶರತ್ಕಾಲದಲ್ಲಿ ಪ್ರಾಂತ್ಯದ ಹಲವು ಶಾಲಾ ಕೇಂದ್ರಗಳು ಈ ತರಗತಿಗಳನ್ನು ಅರ್ಧಕ್ಕೇ ನಿಲ್ಲಿಸಿದವು. ಕಲಿಯುವವರು ಬರಲಿಲ್ಲ ಅಂತ ಅಲ್ಲ. ಅವರು ಬಂದಿದ್ದರು, ಪುಸ್ತಕ ತೆರೆದು ಕೂತಿದ್ದರು. ಬಜೆಟ್ಟಿನಲ್ಲಿ ದುಡ್ಡು ಇಲ್ಲ ಅಂತ ಅವರನ್ನು ಮನೆಗೆ ಕಳಿಸಿದರು. ಸರ್ಕಾರದ ಪತ್ರಗಳು ಮಾತ್ರ 6 ತಿಂಗಳ ನಂತರ ಫ್ರೆಂಚ್‌ನಲ್ಲೇ ಬರುತ್ತವೆ.